ಯಾರೂ ಎಬ್ಬಿಸದ ಕುರ್ಚಿ

ನವಿ ಮುಂಬಯಿಯ ರಬಾಳೆಯಲ್ಲಿ ನೆನಪಿಟ್ಟುಕೊಳ್ಳುವಂಥ ಹಳೆಯ ಟಾಕೀಸು ಒಂದೂ ಇಲ್ಲ. ಪಶ್ಚಿಮಕ್ಕೆ ಠಾಣೆ ಖಾಡಿ, ಪೂರ್ವಕ್ಕೆ ಬೆಟ್ಟದ ಸಾಲು, ನಡುವೆ ಆಗ್ರಿ ಜನರ ಹಳೆಯ ಗಾಂವ್‌ಠಾಣ, ಠಾಣೆ-ಬೇಲಾಪುರ ರಸ್ತೆಯ ಗುಂಟ ಎಂಐಡಿಸಿ ಕಾರ್ಖಾನೆಗಳು. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೊ ಹುಟ್ಟಿದ್ದೇ 1970ರಲ್ಲಿ. ಠಾಣೆಯಿಂದ ವಾಶಿಗೆ ಲೋಕಲ್ ರೈಲು ಓಡತೊಡಗಿದ್ದು 2004ರಲ್ಲಿ. ಹೀಗಾಗಿ ಇಲ್ಲಿ ಬಿಡಾರ ಹೂಡಿದ ನಮ್ಮಂಥವರ ಹಳೆಯ ದಿನಗಳೆಲ್ಲ ಖಾಡಿಯ ಆಚೆ ದಡದಲ್ಲೇ ಉಳಿದಿವೆ. ಅವುಗಳನ್ನು ನೋಡಬೇಕೆಂದರೆ ಟಿಕೆಟ್ ತೆಗೆದು ರೈಲು ಹತ್ತಬೇಕು.

ಕಳೆದ ಚಳಿಗಾಲದಲ್ಲಿ ಮಗಳು ಮುಂಬಯಿಯ ರಾಯಲ್ ಒಪೆರಾ ಹೌಸಿನ ಒಂದು ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಕಾದಿರಿಸಿ ಕೊಟ್ಟಳು. ಅವಳಿಗೆ ಆ ಹೆಸರು ಪತ್ರಿಕೆಯಲ್ಲಿ ಓದಿ ಗೊತ್ತು. ನನಗೆ ಅದು ನನ್ನ ಹರೆಯ ಕಳೆದ ಚೌಕ. ಠಾಣೆಯಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಇನ್ನೊಮ್ಮೆ ಬದಲಿಸಿ, ಚರ್ನಿ ರೋಡಿನಲ್ಲಿ ಇಳಿದು ನಡೆದೆ. ಕಾಲಿಗೆ ದಾರಿ ಕೇಳಬೇಕಾಗಿರಲಿಲ್ಲ.

ಆ ಕಡೆಯ ಒಂದು ಉಡುಪಿ ಹೋಟೆಲಿನಲ್ಲಿ ನನ್ನ ಭಾವ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಅಕ್ಕನನ್ನು ಮದುವೆಯಾದ ವರ್ಷವೇ ಕುಂದಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಅವಳನ್ನು ಬಿಟ್ಟು ಮುಂಬಯಿಗೆ ಮರಳಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಓದು ಅರ್ಧಕ್ಕೆ ನಿಂತ ನನ್ನನ್ನೂ ಅಲ್ಲಿಗೇ ಕರೆಸಿಕೊಂಡರು. ಮೊದಲು ಮೋರಿಯಲ್ಲಿ ತಟ್ಟೆ ತೊಳೆಯುವ ಕೆಲಸ, ಆಮೇಲೆ ಟೇಬಲು ಒರೆಸುವ ಕೆಲಸ, ಆಮೇಲೆ ಅಂಗಡಿ ಆಫೀಸುಗಳಿಗೆ ಚಹಾ ಒಯ್ಯುವ ಬಾಹರ್‌ವಾಲಾ. ಸಂಜೆ ರಾತ್ರಿಶಾಲೆ. ಮುಂಬಯಿಯಲ್ಲಿ ನಮ್ಮ ಕರಾವಳಿಯ ಸಂಘಗಳು ನಡೆಸುತ್ತಿದ್ದ ಕನ್ನಡ ರಾತ್ರಿಶಾಲೆಗಳು ಇಲ್ಲದಿದ್ದರೆ ನಾನು ಮುಂದೆ ರಬಾಳೆಯ ಕಾರ್ಖಾನೆಯಲ್ಲಿ ಗುಮಾಸ್ತನಾಗುವುದೂ ಇರಲಿಲ್ಲ, ಇದನ್ನು ಬರೆಯುವುದೂ ಇರಲಿಲ್ಲ. ಆ ಶಾಲೆಗಳ ಬಗ್ಗೆ ಬೇರೆಯೇ ಬರೆಯಬೇಕು.

ಹೋಟೆಲಿನ ಹುಡುಗನಿಗೆ ಇಡೀ ಮುಂಬಯಿಯಲ್ಲಿ ಕೂರಲು ಜಾಗ ಇರಲಿಲ್ಲ. ಇದನ್ನು ಅನುಭವಿಸದವರಿಗೆ ಹೇಳಿ ತಿಳಿಸುವುದು ಕಷ್ಟ. ಬೆಳಗಿನ ಜಾವ ಏಳಬೇಕು, ರಾತ್ರಿ ಹಾಲ್ ತೊಳೆದ ಮೇಲೆ ಬೆಂಚುಗಳನ್ನು ಜೋಡಿಸಿ ಮಲಗಬೇಕು. ನಡುವೆ ಇಡೀ ದಿನ ನಿಂತಿರಬೇಕು. ಸುತ್ತಲೂ ಕುರ್ಚಿಗಳೇ, ಆದರೆ ಎಲ್ಲವೂ ಗಿರಾಕಿಗಳವು. ಊಟವೂ ಒಳಗಡೆ, ಅಕ್ಕಿ ಮೂಟೆಗೆ ಒರಗಿಕೊಂಡು. ಮಧ್ಯಾಹ್ನ ಸ್ವಲ್ಪ ಬಿಡುವಾದಾಗ ಹೊರಗೆ ಹೋದರೆ ಚೌಪಾಟಿಯಲ್ಲಿ ಬಿಸಿಲು, ಕಟ್ಟಡಗಳ ಮೆಟ್ಟಿಲಲ್ಲಿ ಕೂತರೆ ವಾಚ್‌ಮನ್ ಎಬ್ಬಿಸುತ್ತಿದ್ದ.

ಒಂದು ರಜೆಯ ಮಧ್ಯಾಹ್ನ ಭಾವ ಮಿಂದು, ಬಿಳಿ ಅಂಗಿ ಹಾಕಿಕೊಂಡು, "ಮಾಣಿ, ಪಿಚ್ಚರಿಗ್ ಹೋಪ" ಎಂದರು. ರಸ್ತೆ ದಾಟಿ ಒಪೆರಾ ಹೌಸಿನ ಮುಂದೆ ನಿಲ್ಲಿಸಿದರು. ಅಂಥ ಕಟ್ಟಡದೊಳಕ್ಕೆ ನಮ್ಮನ್ನು ಬಿಡುತ್ತಾರೆಂದು ನನಗೆ ನಂಬಿಕೆಯೇ ಬರಲಿಲ್ಲ. ಕಲ್ಲಿನ ಕಂಬಗಳು, ಗಾರೆಯ ಹೂಬಳ್ಳಿಗಳು, ಅದರ ಮೇಲೆ ಹೀರೊ ಹೀರೋಯಿನ್ನರ ಬಣ್ಣದ ಬ್ಯಾನರು. ಅಗ್ಗದ ದರದ ಟಿಕೆಟ್. ಒಳಗೆ ಕತ್ತಲು, ಹಳೆಯ ಫ್ಯಾನುಗಳ ಸದ್ದು, ಶೇಂಗಾ ಸಿಪ್ಪೆಯ ವಾಸನೆ. ಗೇಟ್‌ಕೀಪರ್ ಟಾರ್ಚಿನ ಬೆಳಕನ್ನು ನೆಲಕ್ಕೆ ಬಿಟ್ಟು ನಮ್ಮ ಸಾಲು ತೋರಿಸಿದ. ಕೂತೆವು. ಭಾವ ಕಾಲು ಚಾಚಿ, ಕುತ್ತಿಗೆಯನ್ನು ಹಿಂದಕ್ಕೆ ಒರಗಿಸಿ, ದೊಡ್ಡದಾಗಿ ಉಸಿರು ಬಿಟ್ಟು ಅಂದರು: "ಇಲ್ ಮೂರ್ ಗಂಟೆ ನಮ್ಮನ್ ಯಾರೂ ಎಬ್ಸುದಿಲ್ಲ ಕಾಣ್."

ಅವತ್ತು ನೋಡಿದ ಸಿನಿಮಾ ಯಾವುದೆಂಬುದು ಮರೆತೇಹೋಗಿದೆ. ಆ ಮಾತು ಉಳಿದಿದೆ.

ಭಾವ ಸಿನಿಮಾವನ್ನು ನನಗಿಂತ ಬೇರೆ ರೀತಿ ನೋಡುತ್ತಿದ್ದರು. ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಒಬ್ಬ ಆಪರೇಟರ್ ಅವರಿಗೆ ಪರಿಚಯ. ಆತನಿಂದ ಕಲಿತದ್ದನ್ನು ನನಗೂ ಕಲಿಸಿದರು. ತೆರೆಯ ಬಲಗಡೆ, ಮೇಲಿನ ಮೂಲೆಯಲ್ಲಿ, ಒಂದು ಸಣ್ಣ ದುಂಡು ಚುಕ್ಕೆ ಮಿಂಚಿ ಮಾಯವಾಗುತ್ತದೆ. ಏಳೆಂಟು ಸೆಕೆಂಡು ಕಳೆದು ಇನ್ನೊಂದು. ಮೊದಲ ಚುಕ್ಕೆ ಕಂಡಾಗ ಆಪರೇಟರ್ ಎರಡನೆಯ ಮಿಷನ್ನಿನ ಮೋಟರು ಹಾಕಬೇಕು, ಎರಡನೆಯದು ಕಂಡ ಕ್ಷಣ ಈ ಮಿಷನ್ನಿನ ಬೆಳಕು ಮುಚ್ಚಿ ಆ ಮಿಷನ್ನಿನ ಬೆಳಕು ಬಿಡಬೇಕು. ಎರಡು ಸಾವಿರ ಅಡಿಯ ಒಂದು ರೀಲು ಓಡುವುದು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಹೊತ್ತು. ಅಷ್ಟರಲ್ಲಿ ಮುಗಿದ ರೀಲನ್ನು ಇಳಿಸಿ, ಮುಂದಿನದನ್ನು ಏರಿಸಿ, ಉರಿದು ಸವೆಯುವ ಕಾರ್ಬನ್ ಕಡ್ಡಿಗಳ ನಡುವಿನ ಅಂತರ ಸರಿಮಾಡಿಕೊಳ್ಳಬೇಕು. ಕಡ್ಡಿಗಳು ಹೆಚ್ಚು ದೂರವಾದರೆ ತೆರೆಯ ಮೇಲೆ ಬೆಳಕು ಮಂಕಾಗುತ್ತದೆ, ಕೆಳಗಿನ ಜನ ಕೂಗಿ ಸೀಟಿ ಹೊಡೆಯುತ್ತಾರೆ. ಸರಿಯಾಗಿ ನಡೆದರೆ ಮಾತ್ರ ಮೇಲೊಬ್ಬ ಇದ್ದಾನೆಂಬುದು ಯಾರಿಗೂ ತಿಳಿಯುವುದಿಲ್ಲ. ಭಾವನಿಗೆ ಆ ಪ್ರೊಜೆಕ್ಟರ್ ಕೋಣೆ ತಮ್ಮ ಹೋಟೆಲಿನ ಅಡುಗೆಮನೆಯ ಹಾಗೆ ಕಾಣುತ್ತಿತ್ತು. ಚುಕ್ಕೆ ಬಿದ್ದು ರೀಲು ಬದಲಾದದ್ದು ಕಣ್ಣಿಗೆ ತಿಳಿಯದಷ್ಟು ನಯವಾಗಿದ್ದರೆ "ಹ್ಞಾಂ" ಎಂದು ತಲೆಯಾಡಿಸುತ್ತಿದ್ದರು. ನಾಯಕ ನಾಯಕಿ ಮಳೆಯಲ್ಲಿ ನೆನೆಯುತ್ತಿರುವಾಗ ನಮ್ಮಿಬ್ಬರ ಕಣ್ಣು ಬಲಗಡೆಯ ಮೂಲೆಯಲ್ಲಿರುತ್ತಿತ್ತು.

ಒಪೆರಾ ಹೌಸಿನ ಹಳೆಯ ಕತೆ ನನಗೆ ಗೊತ್ತಾದದ್ದು ಬಹಳ ತಡವಾಗಿ. ಕಲ್ಕತ್ತೆಯಲ್ಲಿ ನಾಟಕ ಕಂಪನಿಗಳ ವ್ಯವಹಾರ ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್ ಮತ್ತು ಮುಂಬಯಿಯ ಕಲ್ಲಿದ್ದಲು ವ್ಯಾಪಾರಿ, ಪಾರ್ಸಿ ಗೃಹಸ್ಥ ಜಹಾಂಗೀರ್ ಫ್ರಾಮ್‌ಜಿ ಕರಾಕಾ ಸೇರಿ ಎತ್ತಿಸಿದ ಕಟ್ಟಡ ಅದು. 1911ರಲ್ಲಿ ಐದನೇ ಜಾರ್ಜ್ ದೊರೆ ಬಂದು ಉದ್ಘಾಟಿಸಿದಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಮೊದಲು ವಿದೇಶಿ ಗಾಯಕರು, ನಾಟಕದವರು. ಆಮೇಲೆ ಮೂಕಿ ಚಿತ್ರಗಳು, ಟಾಕಿಗಳು. ನಡುನಡುವೆ ಮರಾಠಿ ಸಂಗೀತ ನಾಟಕ, ಪೃಥ್ವಿರಾಜ್ ಕಪೂರರ ತಂಡದ ನಾಟಕ. ಬಾಲಗಂಧರ್ವರು ಹಾಡಿದ ರಂಗ ಅದು. 1952ರಲ್ಲಿ ಸೌರಾಷ್ಟ್ರದ ಗೊಂಡಲ್ ಮಹಾರಾಜರು ಅದನ್ನು ಕೊಂಡರು.

ಬಾಲಗಂಧರ್ವರ ಹೆಸರು ಬಂದಾಗ ನಮ್ಮವರೇ ಆದ ಇಬ್ಬರು ಅಕ್ಕತಂಗಿಯರು ನೆನಪಾಗುತ್ತಾರೆ. ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಕಂಪನಿ ಸೇರಿ, ಅವರ ಜೊತೆ ನಟಿಸಿ, ಕೊನೆಗೆ ಅವರ ಬಾಳಸಂಗಾತಿಯಾದವರು. ಅಮೀರ್‌ಬಾಯಿ ಕರ್ನಾಟಕಿ ಮುಂಬಯಿಯಲ್ಲಿ ಹಿನ್ನೆಲೆ ಗಾಯಕಿಯಾಗಿ ಹೆಸರು ಮಾಡಿದವರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೆ ಗೊತ್ತಾದರು. ಆ ಅಮೀರ್‌ಬಾಯಿಯ ಹೆಸರಿನಲ್ಲೇ ವಿಜಯಪುರದಲ್ಲಿ ಅಮೀರ್ ಟಾಕೀಸ್ ಇತ್ತು. ಮುಂಬಯಿಯಲ್ಲಿ ಹಾಡಿ ದುಡಿದ ಹಣದಲ್ಲಿ ತನ್ನ ಸೀಮೆಯ ಜನರಿಗೆ ಟಾಕೀಸು ಕಟ್ಟಿಸಿಕೊಟ್ಟ ಹೆಣ್ಣುಮಗಳನ್ನು ನಾವು ಸಾಕಷ್ಟು ನೆನೆದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮುಂಬಯಿಯ ಸಿನಿಮಾಕ್ಕೂ ನಮ್ಮ ನಾಡಿಗೂ ಇನ್ನೊಂದು ನಂಟಿದೆ: ಚಿತ್ರ ನಿರ್ದೇಶಕ ವಿ. ಶಾಂತಾರಾಮ್ ಎಳೆಯ ವಯಸ್ಸಿನಲ್ಲಿ ಹುಬ್ಬಳ್ಳಿಯ ಟಾಕೀಸೊಂದರಲ್ಲಿ ಬಾಗಿಲು ಕಾಯುವ ಹುಡುಗನಾಗಿದ್ದರು. ಅಲ್ಲಿ ಸಿನಿಮಾ ನೋಡಿ ನೋಡಿಯೇ ಸಿನಿಮಾದ ಹುಚ್ಚು ಹಿಡಿದದ್ದು. ಮುಂದೆ ದಾದರಿನ ಪ್ಲಾಝಾ ಟಾಕೀಸು ಅವರದಾಯಿತು. ಈ ಕತೆ ಭಾವನಿಗೆ ಗೊತ್ತಿದ್ದಿದ್ದರೆ ಹೋಟೆಲಿನ ಹುಡುಗರಿಗೆಲ್ಲ ಹೇಳಿ ಹೇಳಿ ಬೇಸರ ತರಿಸುತ್ತಿದ್ದರು.

ಅವರು ಹೇಳುತ್ತಿದ್ದದ್ದು ರಾಜೇಶ್ ಖನ್ನಾನ ಕತೆ. 1969ರಲ್ಲಿ 'ಆರಾಧನಾ', 'ದೋ ರಾಸ್ತೆ' ಎರಡೂ ಆ ಚೌಕದ ಎರಡು ಟಾಕೀಸುಗಳಲ್ಲಿ, ಒಪೆರಾ ಹೌಸಿನಲ್ಲೂ ಎದುರಿನ ರಾಕ್ಸಿಯಲ್ಲೂ, ಎದುರುಬದುರಾಗಿ ಓಡಿದ್ದವಂತೆ. ಎರಡು ಕಡೆಯ ಆಟವೂ ಬಿಟ್ಟಾಗ ಹೋಟೆಲಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ, ಹಿಟ್ಟು ರುಬ್ಬಿ ರುಬ್ಬಿ ರಟ್ಟೆ ಬಿದ್ದುಹೋಗುತ್ತಿತ್ತು ಎನ್ನುತ್ತಿದ್ದರು. ಒಬ್ಬ ನಟ ಎಷ್ಟು ದೊಡ್ಡವನೆಂಬುದನ್ನು ಅವರು ದೋಸೆ ಹಿಟ್ಟಿನಲ್ಲಿ ಅಳೆಯುತ್ತಿದ್ದರು.

ಆ ಸುತ್ತಿನ ಬೀದಿಗಳೇ ಹಾಗಿದ್ದವು. ಗಿರ್ಗಾಂವಿನ ಕಾರೊನೇಷನ್‌ನಲ್ಲಿ 1913ರ ಮೇ 3ರಂದು ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ತೆರೆಕಂಡಿತು. ಮೆಜೆಸ್ಟಿಕ್‌ನಲ್ಲಿ 1931ರ ಮಾರ್ಚ್ 14ರಂದು 'ಆಲಂ ಆರಾ' ಮಾತಾಡಿತು. ಎರಡೂ ಮನೆಗಳು ಈಗ ಇಲ್ಲ. ಲ್ಯಾಮಿಂಗ್ಟನ್ ರೋಡಿನ ಉದ್ದಕ್ಕೂ ನಾಝ್, ಸ್ವಸ್ತಿಕ್, ಇಂಪೀರಿಯಲ್, ಅಪ್ಸರಾ, ಮಿನರ್ವಾ. ಚಹಾದ ತಂತಿ ಬುಟ್ಟಿ ಹಿಡಿದು ನಾಝ್ ಕಟ್ಟಡದ ವಿತರಕರ ಆಫೀಸುಗಳಿಗೆ ಹೋದರೆ ಯಾವ ಪಿಚ್ಚರು ಎಷ್ಟು ವಾರ ಓಡುತ್ತದೆ ಎಂಬ ಮಾತು ಕಿವಿಗೆ ಬೀಳುತ್ತಿತ್ತು. ಒಂದು ಶುಕ್ರವಾರದ ಮಧ್ಯಾಹ್ನಕ್ಕೆ ಅಲ್ಲಿನವರ ಮುಖದಲ್ಲೇ ಫಲಿತಾಂಶ ಓದಬಹುದಿತ್ತು. ಈಚೆಗೆ ನಡೆದಾಗ ಮಿನರ್ವಾ ಇದ್ದ ಜಾಗವನ್ನು ಹುಡುಕಿಕೊಳ್ಳಬೇಕಾಯಿತು.

ಬೆಂಗಳೂರಿಗೆ ಹೋದಾಗಲೂ ಇದೇ ಅನುಭವ. ಮಹಾತ್ಮ ಗಾಂಧಿ ರಸ್ತೆಯಲ್ಲಿ 1936ರ ಪ್ಲಾಝಾ ಇದ್ದಲ್ಲಿ ಮೆಟ್ರೋ ಸ್ಟೇಷನ್. 1968ರಲ್ಲಿ ಶುರುವಾದ, ಸಾವಿರದ ನಾನ್ನೂರಕ್ಕೂ ಹೆಚ್ಚು ಕುರ್ಚಿಗಳ ಕಪಾಲಿ ನೆಲಸಮವಾಗಿದೆ. 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಟಾಕೀಸಿನ ಮುಂದೆ ನಿಂತು ನನ್ನ ಅಣ್ಣನ ಮಗನಿಗೆ ಆ ಸರದಿ ಸಾಲಿನ ಬಗ್ಗೆ ಹೇಳಿದರೆ, ಅವನು ಒಂದೇ ಟಾಕೀಸಿನಲ್ಲಿ ಒಂದೇ ಚಿತ್ರ ಎರಡು ವರ್ಷವೇ ಎಂದು ಕೇಳಿದ.

ಒಪೆರಾ ಹೌಸು ಮುಚ್ಚಿದ್ದು 1993ರಲ್ಲಿ. ಮನೆಮನೆಗೆ ಕೇಬಲ್ ಬಂದಿತ್ತು, ವಿಡಿಯೋ ಕ್ಯಾಸೆಟ್ ಬಂದಿತ್ತು. ಸಾಲದ್ದಕ್ಕೆ ಆ ಚಳಿಗಾಲದಲ್ಲಿ ನಗರವೇ ಗಲಭೆಯಲ್ಲಿ ಬೆಂದಿತ್ತು, ರಾತ್ರಿ ಆಟಕ್ಕೆ ಹೊರಡುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ನಾನು ಖಾಡಿ ದಾಟಿ ಬಂದಿದ್ದೆ. ಭಾವ ಅಲ್ಲೇ ಇದ್ದರು. ದಿನವೂ ಆ ಮುಚ್ಚಿದ ಬಾಗಿಲಿನ ಮುಂದೆಯೇ ಹಾದು ಹೋಗುತ್ತಿದ್ದರು. ಗೋಡೆಯ ಮೇಲೆ ಅಶ್ವತ್ಥದ ಗಿಡ ಹುಟ್ಟಿದ್ದು, ಅದು ಬೆಳೆದದ್ದು, ಗಾರೆಯ ಹೂ ಉದುರಿದ್ದು, ಎಲ್ಲವನ್ನೂ ನನಗೆ ಫೋನಿನಲ್ಲಿ ಹೇಳುತ್ತಿದ್ದರು. ಆಮೇಲೆ ಒಂದು ದಿನ ಕಟ್ಟಡಕ್ಕೆ ಬಿದಿರಿನ ಅಟ್ಟಳಿಗೆ ಕಟ್ಟಿದ್ದಾರೆಂದು ಖುಷಿಯಿಂದ ಸುದ್ದಿ ಕೊಟ್ಟರು. ಅಟ್ಟಳಿಗೆ ಬಿಚ್ಚುವುದನ್ನು ನೋಡಲು ಅವರು ಉಳಿಯಲಿಲ್ಲ. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿತ್ತು. ಜೀವಮಾನವೆಲ್ಲ ನಿಂತು ಸವೆಸಿದ ಕಾಲು ಅದು.

ಜಯಂತ ಕಾಯ್ಕಿಣಿಯವರ 'ಒಪೆರಾ ಹೌಸ್' ಕತೆ ನನ್ನ ಕೈಗೆ ಬಂದದ್ದು ಆ ದಿನಗಳಲ್ಲೇ, ಗೆಳೆಯನೊಬ್ಬ ಓದಲು ಕೊಟ್ಟ ಪುಸ್ತಕದಲ್ಲಿ. ಗೋಕರ್ಣದಿಂದ ಬಂದು, ಮುಂಬಯಿಯ ಔಷಧ ಕಂಪನಿಯಲ್ಲಿ ದುಡಿಯುತ್ತಲೇ ಬರೆದವರು ಕಾಯ್ಕಿಣಿ. ಆ ಕತೆಯಲ್ಲಿ ದೊರೆ ಇಲ್ಲ, ಮಹಾರಾಜ ಇಲ್ಲ. ಇಂದ್ರನೀಲನೆಂಬ ಕಸ ಗುಡಿಸುವ ಹುಡುಗ ಇದ್ದಾನೆ. ಆಟ ಬಿಟ್ಟ ಮೇಲೆ ಕುರ್ಚಿ ಸಾಲುಗಳ ನಡುವೆ ಜನ ಮರೆತುಹೋದ ವಸ್ತುಗಳು ಅವನ ಕೈಗೆ ಸಿಗುತ್ತವೆ. ಒಂದು ದಿನ ಒಂದು ಫ್ಲಾಸ್ಕು ಸಿಗುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ, ಓದದವರು ಓದಬೇಕು. ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಓದಿದೆ, ಇಳಿಯುವ ಸ್ಟೇಷನ್ ದಾಟಿ ಹೋಯಿತು. ಆ ಕಟ್ಟಡದ ಬಗ್ಗೆ ಇಂಗ್ಲಿಷಿನಲ್ಲಿ ನಾನು ಓದಿದ ಬರಹಗಳಲ್ಲಿ ಗುಮ್ಮಟ, ತೂಗುದೀಪ, ದೊರೆಯ ಬಾಕ್ಸು ಎಲ್ಲ ಇವೆ. ಕುರ್ಚಿಯ ಕೆಳಗೆ ಬಗ್ಗಿ ನೋಡಿದ ಮನುಷ್ಯ ಇದ್ದದ್ದು ಕನ್ನಡದ ಒಂದು ಕತೆಯಲ್ಲಿ. ತೇಜಸ್ವಿನಿ ನಿರಂಜನ ಅದನ್ನೂ ಸೇರಿಸಿ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು 'ನೋ ಪ್ರೆಸೆಂಟ್ಸ್ ಪ್ಲೀಸ್' ಎಂದು ಅನುವಾದಿಸಿದರು. ಆ ಪುಸ್ತಕಕ್ಕೆ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂತು. ಸುದ್ದಿ ಓದಿದ ದಿನ ನನಗೆ ನಮ್ಮ ಹೋಟೆಲಿನವರಿಗೇ ಪ್ರಶಸ್ತಿ ಬಂದಷ್ಟು ಸಂತೋಷವಾಯಿತು. ಹೇಳಿಕೊಳ್ಳಲು ಭಾವ ಇರಲಿಲ್ಲ.

ಈಗ ಒಳಗೆ ಹೋದರೆ ಕಣ್ಣು ಕೋರೈಸುತ್ತದೆ. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ವರ್ಷಗಟ್ಟಲೆ ಕೂತು ಮಾಡಿಸಿದ ಕೆಲಸ. 2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು, ಮರುವರ್ಷ ಯುನೆಸ್ಕೋದ ಪ್ರಶಸ್ತಿಯೂ ಬಂತು. ಎಂಟು ಪಾಲಾಗಿ ಚಿತ್ರ ಬರೆದ ಗುಮ್ಮಟ, ಚಿನ್ನದ ಬಣ್ಣದ ಬಳ್ಳಿಗಳು, ಸಸೂನ್ ಮನೆತನದವರು ಕೊಟ್ಟ ದೊಡ್ಡ ತೂಗುದೀಪಗಳು. ಸಿನಿಮಾ ಕಾಲದಲ್ಲಿ ಕಿತ್ತುಹಾಕಿದ್ದ ರಂಗದ ಬದಿಯ ಬಾಕ್ಸುಗಳನ್ನು ಹಳೆಯ ಫೋಟೋಗಳನ್ನು ನೋಡಿ ಮತ್ತೆ ಕಟ್ಟಿದ್ದಾರೆ. ನಾನು ಕಂಡದ್ದು ಮಸಿ ಹಿಡಿದ ಮಾಡು, ಸೋರುವ ಮೂಲೆ. ಇಷ್ಟು ಚೆಲುವು ಅದರೊಳಗೆ ಹುದುಗಿತ್ತೆಂದು ತಿಳಿದು ಮನಸ್ಸು ತುಂಬಿ ಬಂತು. ಮುಂಬಯಿಯಲ್ಲಿ ಒಂದು ಹಳೆಯ ಮನೆ ಗಗನಚುಂಬಿ ಕಟ್ಟಡವಾಗದೆ ಉಳಿಯುವುದೇ ದೊಡ್ಡದು. ಉಳಿಸಿದವರಿಗೆ ನಾನು ಕೈ ಮುಗಿಯುತ್ತೇನೆ.

ಆದರೂ ಕೂತಲ್ಲೇ ಒಂದು ಸಂಕಟ ಶುರುವಾಯಿತು. ದುರಸ್ತಿ ಮಾಡುವವರು ಯಾವುದಾದರೂ ಒಂದು ಕಾಲಕ್ಕೆ ಕಟ್ಟಡವನ್ನು ಮರಳಿಸಬೇಕು. ಇಲ್ಲಿ ಮರಳಿಸಿದ್ದು ದೊರೆ ಬಂದ ಕಾಲಕ್ಕೆ. ಅದಕ್ಕಾಗಿ ಮೇಲಿಂದ ತೆಗೆದದ್ದು ಸಿನಿಮಾದ ಪದರ. ಅದು ನಮ್ಮ ಪದರ. ಒಪೆರಾ ನಡೆದದ್ದು ಕೆಲವೇ ವರ್ಷ. ಸಿನಿಮಾ ನಡೆದದ್ದು ಅರ್ಧ ಶತಮಾನಕ್ಕೂ ಹೆಚ್ಚು, ದಿನಕ್ಕೆ ಹಲವು ಆಟ. ಸುಮಾರು 575 ಕುರ್ಚಿಗಳಿರುವ ಈಗಿನ ಸಭಾಂಗಣದಲ್ಲಿ ನಾನು ಕೂತ ಸಾಲು ಎಲ್ಲಿತ್ತೆಂದು ಲೆಕ್ಕ ಹಾಕಲು ಯತ್ನಿಸಿದೆ. ಬಾಗಿಲು ಇದೆ, ರಂಗ ಇದೆ, ನಡುವಿನ ನೆಲ ಗುರುತು ಸಿಗಲಿಲ್ಲ. ಹಾಡುಗಾರ್ತಿಯ ಕಂಠ ಅದ್ಭುತವಾಗಿತ್ತು. ಒಂದು ಪಿಸುಮಾತೂ ಕೊನೆಯ ಸಾಲಿಗೆ ಮುಟ್ಟುವಂತೆ ಕಟ್ಟಿದ ಮನೆ ಅದು. ಅಷ್ಟು ಒಳ್ಳೆಯ ಸಂಗೀತ ಕೇಳುತ್ತಾ ನಾನು ರಂಗದ ಬಲಗಡೆಯ ಮೇಲಿನ ಮೂಲೆಯನ್ನೇ ನೋಡುತ್ತಿದ್ದೆ.

ಬಿಡುವಿನಲ್ಲಿ ಬಾಗಿಲ ಬಳಿ ನಿಂತಿದ್ದ ಹುಡುಗನನ್ನು ಮಾತಾಡಿಸಿದೆ. ಉತ್ತರಪ್ರದೇಶದ ಕಡೆಯವನು, ಇಪ್ಪತ್ತರ ಆಸುಪಾಸು. ಇಲ್ಲಿ ದಿನವೂ ಪಿಚ್ಚರ್ ಓಡುತ್ತಿತ್ತೆಂದಾಗ ಕಣ್ಣರಳಿಸಿದ. ಟಿಕೆಟ್ ಎಷ್ಟಿತ್ತು, ಬ್ಲ್ಯಾಕಿನಲ್ಲಿ ಎಷ್ಟಾಗುತ್ತಿತ್ತು, ಯಾರ ಪಿಚ್ಚರಿಗೆ ಹೆಚ್ಚು ಗಲಾಟೆ ಎಂದೆಲ್ಲ ಕೇಳಿದ. ಉತ್ತರ ಹೇಳುತ್ತಾ ಅವನ ಕಾಲು ನೋಡಿದೆ. ಸಂಜೆಯಿಂದ ನಿಂತೇ ಇದ್ದ. ಇಂಥ ಮನೆಗಳ ಚರಿತ್ರೆ ಬರೆಯುವವರು ದೊರೆಗಳ ಜೊತೆಗೆ ಗೇಟ್‌ಕೀಪರನನ್ನು, ಆಪರೇಟರನನ್ನು, ಅಗ್ಗದ ಟಿಕೆಟಿನಲ್ಲಿ ಕೂರಲು ಬಂದ ಗಿರಣಿಯವರನ್ನು, ಹೋಟೆಲಿನವರನ್ನು, ಕೈಗಾಡಿ ಎಳೆಯುವವರನ್ನು ಬರೆದುಕೊಳ್ಳಲಿ. ಅವರನ್ನು ನೋಡಿದ ನಾವು ಇನ್ನೂ ಕೆಲವರು ಠಾಣೆ, ಡೊಂಬಿವಲಿ, ಕಲ್ಯಾಣ, ರಬಾಳೆಗಳ ಬ್ಲಾಕುಗಳಲ್ಲಿ ಬದುಕಿದ್ದೇವೆ. ಕೇಳಿದರೆ ಹೇಳುತ್ತೇವೆ.

ಮರುದಿನ ಊರಿಗೆ ಫೋನು ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಜೀವಮಾನದಲ್ಲಿ ಮುಂಬಯಿಗೆ ಬಂದದ್ದು ಒಂದೇ ಸಲ, ಆಪರೇಷನ್ ಮಾಡಿಸಿಕೊಳ್ಳಲು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಭಾವ ಅವಳನ್ನು ಒಪೆರಾ ಹೌಸಿಗೆ ಕರೆದೊಯ್ದಿದ್ದರು, ಅದೂ ಮೇಲಿನ ದರದ ಟಿಕೆಟ್ ತೆಗೆದು. ಇದು ನನಗೆ ಗೊತ್ತೇ ಇರಲಿಲ್ಲ. ಯಾವ ಪಿಚ್ಚರು ಎಂದು ಕೇಳಿದೆ. ಹಿಂದಿ ಬಾರದ ಅವಳಿಗೆ ಅದು ನೆನಪಿಲ್ಲ. "ಅವ್ರ್ ನನ್ನ್ ಬದಿಯಂಗೆ ಅಷ್ಟ್ ಹೊತ್ತ್ ಕೂಕಂಡದ್ದ್ ಅದೊಂದೇ ಸರ್ತಿ" ಎಂದಳು. ಭಾವ ತೀರಿಕೊಳ್ಳುವ ಹೊತ್ತಿಗೆ ಮದುವೆಯಾಗಿ ಮೂವತ್ತು ವರ್ಷದ ಮೇಲಾಗಿತ್ತು ಅವರಿಗೆ. ವರ್ಷಕ್ಕೊಮ್ಮೆ ಊರಿಗೆ ಬಂದರೂ ಭಾವ ಒಂದು ಕಡೆ ಕೂತವರಲ್ಲ. ಬೇಲಿ, ಮಾಡು, ಗದ್ದೆ ಎಂದು ಓಡಾಡಿ ರಜೆ ಮುಗಿಸುತ್ತಿದ್ದರು.

ಸ್ವಲ್ಪ ಹೊತ್ತು ಸುಮ್ಮನಿದ್ದು, ಟಿಕೆಟಿಗೆ ಈಗ ಎಷ್ಟು ಎಂದು ಕೇಳಿದಳು. ದೀಪಾವಳಿ ಕಳೆದ ಮೇಲೆ ರಬಾಳೆಗೆ ಬರುತ್ತಾಳೆ. ಮಂಡಿನೋವಿನಿಂದ ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ. ಆ ತಿಂಗಳು ಅಲ್ಲಿ ಏನು ಕಾರ್ಯಕ್ರಮವಿದೆಯೆಂದು ನೋಡಿ, ಕೆಳಗಿನ ಸಾಲಿನಲ್ಲೇ, ಓಣಿಯ ಪಕ್ಕದ ಎರಡು ಕುರ್ಚಿ ಕಾದಿರಿಸಲು ಮಗಳಿಗೆ ಹೇಳಿದ್ದೇನೆ.